ತೂಕಕ್ಕೆ ಹೋಗುವ ಮುಂಚೆ

ವಾರದ ರಜೆ ಬಂದರೆ ಹಳೇ ಪುಸ್ತಕ, ಹಳೇ ಪಾತ್ರೆ ಅಂತ ಹುಡುಕಿಕೊಂಡು ಹೋಗುವವರನ್ನು ಕಂಡು "ಅಗ್ಗಕ್ಕೆ ಸಿಕ್ತು ಅಂತ ಮನೆ ತುಂಬಾ ಕಸ ತುಂಬಿಕೊಳ್ತಾರೆ" ಅನ್ನುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ನಮ್ಮನೆಯಲ್ಲೂ ಇದ್ದಾರೆ. ಅವರಿಗೆ ಸಮಾಧಾನವಾಗಿ ಒಂದು ಉತ್ತರ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮಾಲ್‌ನಲ್ಲಿ ನೀವು ಒಂದು ವಸ್ತು ಕೊಳ್ಳದೆ ಬಂದರೆ ಅದು ನಾಳೆಯೂ ಅಲ್ಲೇ ಇರುತ್ತದೆ, ಅದರಂಥದ್ದೇ ಇನ್ನೂ ನೂರು ಗೋಡೌನ್‌ನಲ್ಲಿ ಇರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ಇವತ್ತು ಕಂಡ ಕನ್ನಡ ಪುಸ್ತಕ ಮುಂದಿನ ವಾರ ಕಾಣಲಿಲ್ಲ ಅಂದರೆ ಯಾರೋ ಕೊಂಡಿರಬಹುದು, ಇಲ್ಲಾ ರದ್ದಿ ಕಾಗದದ ಜೊತೆ ತೂಕಕ್ಕೆ ಹೋಗಿರಬಹುದು. ತೂಕಕ್ಕೆ ಹೋಯಿತು ಅಂದರೆ ಮುಗೀತು.

ಈ ಸಾಮಾನೆಲ್ಲ ಎಲ್ಲಿಂದ ಬರುತ್ತದೆ ಅಂತ ಯೋಚಿಸಿದ್ದೀರಾ? ಪುಸ್ತಕ, ಹಿತ್ತಾಳೆ ಪಾತ್ರೆ, ತೇಗದ ಬಾಗಿಲು ಮೂರೂ ಬಹಳ ಸಲ ಒಂದೇ ಮನೆಯಿಂದ ಹೊರಟಿರುತ್ತವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆಯ ಒಂದು ಹಳೇ ಮನೆ ಅಂತ ಇಟ್ಟುಕೊಳ್ಳಿ. ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳಲ್ಲಿ ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ವೈಟ್‌ಫೀಲ್ಡ್ ಫ್ಲ್ಯಾಟ್‌ನಲ್ಲಿ. ಬಿಲ್ಡರ್ ಜೊತೆ ಮಾತಾಗಿದೆ, ಬೇಗ ಮನೆ ಖಾಲಿ ಮಾಡಿಕೊಡಬೇಕು. ಚಿನ್ನ, ಬೆಳ್ಳಿ ಮೊದಲೇ ಹಂಚಿಕೆ ಆಗಿರುತ್ತದೆ. ಬಾಗಿಲು, ಕಿಟಕಿ, ತೊಲೆ ಮನೆ ಒಡೆಯುವ ಕಂಟ್ರಾಕ್ಟರ್ ಪಾಲು. ಅಟ್ಟದ ಮೇಲಿನ ಹಂಡೆ, ಬಿಂದಿಗೆ, ಕೊಳಗ ಪಾತ್ರೆ ಅಂಗಡಿಯ ತಕ್ಕಡಿಗೆ. ಕೊನೆಗೆ ಉಳಿಯುವುದು ಪುಸ್ತಕದ ಬೀರು. ಅದಕ್ಕೆ ಹಳೇ ಪೇಪರ್‌ನವರು ಬರುತ್ತಾರೆ. ಇಂಗ್ಲಿಷ್ ಪುಸ್ತಕ ಬೇರೆ ಚೀಲಕ್ಕೆ ಹಾಕುತ್ತಾರೆ. ಕನ್ನಡದ್ದನ್ನು ನ್ಯೂಸ್‌ಪೇಪರ್ ಜೊತೆ ಕಟ್ಟಿ ಸ್ಕೇಲ್‌ಗೆ ನೇತುಹಾಕುತ್ತಾರೆ.

ಅವರ ಮೇಲೆ ನನಗೆ ಕೋಪ ಇಲ್ಲ. ಫುಟ್‌ಪಾತ್‌ನಲ್ಲಿ ಪುಸ್ತಕ ಹರಡಿಕೊಂಡಿದ್ದ ಒಬ್ಬರನ್ನು "ಕನ್ನಡದ್ದು ಏನಾದ್ರೂ ಇದ್ಯಾ ಅಣ್ಣಾ?" ಅಂತ ಕೇಳಿದಾಗ ಅವರು ನೇರವಾಗಿ ಹೇಳಿದರು. "ಬರುತ್ತೆ ಮೇಡಂ, ಆದ್ರೆ ಯಾರೂ ಕೇಳಲ್ಲ. ಜಾಗ ಸಾಲಲ್ಲ, ತೂಕಕ್ಕೆ ಹಾಕ್ಬಿಡ್ತೀವಿ." ಇಡೀ ವಿಷಯ ಇಷ್ಟೇ. ಅವರ ಹತ್ತಿರ ಇರುವುದು ಒಂದು ಟಾರ್ಪಾಲು ಹಾಸುವಷ್ಟು ಜಾಗ. ಅದರ ಮೇಲೆ ಇಂಜಿನಿಯರಿಂಗ್ ಪುಸ್ತಕ, ಪಿಯುಸಿ ಗೈಡು, ಇಂಗ್ಲಿಷ್ ಥ್ರಿಲ್ಲರು ಇಟ್ಟರೆ ಸಂಜೆಗೆ ದುಡ್ಡಾಗುತ್ತದೆ. ನಾವು ಕೇಳದೆ ಇದ್ದರೆ ಕನ್ನಡ ಪುಸ್ತಕಕ್ಕೆ ಅಲ್ಲಿ ಜಾಗ ಸಿಗುವುದು ಹೇಗೆ? ಆಮೇಲೆ ನಾನು ಹೋದಾಗಲೆಲ್ಲ ಕೇಳಲು ಶುರುಮಾಡಿದೆ, ಒಂದೆರಡು ಕೊಳ್ಳಲೂ ಶುರುಮಾಡಿದೆ. ಈಗ ಅವರೇ ಒಂದು ರಟ್ಟಿನ ಡಬ್ಬಿಯಲ್ಲಿ ಕನ್ನಡದ್ದನ್ನು ಎತ್ತಿಟ್ಟಿರುತ್ತಾರೆ. ಬರೀ ನನಗಲ್ಲ, ಇನ್ನೂ ಮೂರ್ನಾಲ್ಕು ಜನ ಕೇಳುವವರು ಆಗಿದ್ದಾರಂತೆ. ತೂಕದ ಬೆಲೆಗಿಂತ ನಾವು ಜಾಸ್ತಿ ಕೊಡುವ ಆ ಇಪ್ಪತ್ತೋ ಮೂವತ್ತೋ ರೂಪಾಯಿಯೇ ಒಂದು ಪುಸ್ತಕವನ್ನು ಮೂಟೆಯಿಂದ ಹೊರಗೆ ಇಡಿಸುತ್ತದೆ.

"ಹೋದರೆ ಹೋಗಲಿ, ಎಲ್ಲ ಆನ್‌ಲೈನ್‌ನಲ್ಲಿ ಇದೆಯಲ್ಲ" ಅನ್ನುತ್ತಾರೆ. ಇಲ್ಲ. ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಇರುವುದು ನಿಜ, ಅದಕ್ಕೆ ದುಡಿದವರಿಗೆ ದೊಡ್ಡ ನಮಸ್ಕಾರ. ಆದರೆ ಸ್ಕ್ಯಾನ್ ಮಾಡಲಿಕ್ಕೂ ಎಲ್ಲೋ ಒಂದು ಪ್ರತಿ ಉಳಿದಿರಬೇಕು ಅಲ್ವಾ? ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕುಸ್ವಾಮ್ಯ ಇರುತ್ತದೆ. ಮೊದಲ ಮುದ್ರಣ 1962ರಲ್ಲಿ, ಪ್ರತಿಗಳು 1000, ಆಮೇಲೆ ಮರುಮುದ್ರಣ ಇಲ್ಲ, ಪ್ರಕಾಶನ ಮುಚ್ಚಿಹೋಗಿದೆ, ಲೇಖಕರ ಮಕ್ಕಳು ಎಲ್ಲಿದ್ದಾರೋ ಗೊತ್ತಿಲ್ಲ ಅನ್ನುವಂಥ ಪುಸ್ತಕ ಎಷ್ಟಿವೆ! ಅಂಥದ್ದನ್ನು ಯಾರೂ ಧೈರ್ಯವಾಗಿ ಅಚ್ಚು ಹಾಕುವುದಿಲ್ಲ, ನೆಟ್‌ಗೂ ಹಾಕುವುದಿಲ್ಲ. ಓದಬೇಕು ಅಂದರೆ ಹಳೇ ಪ್ರತಿಯೇ ಗತಿ.

ಏನು ಸಿಗುತ್ತದೆ ಅಂತ ಕೇಳುತ್ತೀರಾ? ನನಗೆ ತುಂಬಾ ಖುಷಿ ಕೊಡುವುದು ಮಾಲೆಯ ಪುಸ್ತಕಗಳು, ಅಂದರೆ ಒಂದೇ ಹೆಸರಿನಡಿ ಸಾಲಾಗಿ ಬಂದ ಪುಸ್ತಕಗಳು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆಗೆ ಜನ ಚಂದಾ ಕಟ್ಟಿ ಮನೆಗೆ ಪುಸ್ತಕ ತರಿಸಿಕೊಳ್ಳುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯ ಹಳ್ಳಿ ಹಳ್ಳಿಗಳಲ್ಲಿ ಜನಸಾಮಾನ್ಯರಿಗಾಗಿ ಮಾಡಿಸಿದ ಭಾಷಣಗಳ, ಅಂದರೆ ಪ್ರಚಾರೋಪನ್ಯಾಸಗಳ ತೆಳ್ಳನೆ ಪುಸ್ತಕ ಈಗಲೂ ಆಗೊಮ್ಮೆ ಈಗೊಮ್ಮೆ ಸಿಗುತ್ತದೆ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪ್ರಕಾಶನದವರು 500ಕ್ಕೂ ಹೆಚ್ಚು ತಂದ ಮಕ್ಕಳ ಪುಟ್ಟ ಪುಸ್ತಕಗಳನ್ನು ಎಪ್ಪತ್ತರ ದಶಕದಲ್ಲಿ ಶಾಲೆಗೆ ಹೋದವರು ಮುಖಪುಟ ನೋಡಿದರೆ ಸಾಕು, ಗುರುತು ಹಿಡಿಯುತ್ತಾರೆ. ಇನ್ನು ಸೋವಿಯತ್ ಒಕ್ಕೂಟದಲ್ಲಿ ಅಚ್ಚಾಗಿ, ನವಕರ್ನಾಟಕ ಪ್ರಕಾಶನದವರ ಮೂಲಕ ಇಲ್ಲಿಗೆ ಬರುತ್ತಿದ್ದ ಕನ್ನಡ ಪುಸ್ತಕಗಳು! ದಪ್ಪ ಹಾಳೆ, ಬಣ್ಣದ ಚಿತ್ರ, ಜುಜುಬಿ ಬೆಲೆ. 1991ರಲ್ಲಿ ಆ ದೇಶವೇ ಇಲ್ಲದಂತಾಯಿತು, ಪುಸ್ತಕ ಬರುವುದೂ ನಿಂತಿತು. ಅವು ಸಿಕ್ಕರೆ ದಯವಿಟ್ಟು ಬಿಡಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಬಿಡಲೇಬೇಡಿ.

ಪುಸ್ತಕ ಕೈಗೆ ತಗೊಂಡ ಮೇಲೆ ಮೊದಲು ಕೊನೆಯ ಪುಟ ನೋಡಿ. ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲು ಇರುವ ಕಾದಂಬರಿಗಳಲ್ಲಿ ಕೊನೆಯ ನಾಲ್ಕಾರು ಪುಟ ಹರಿದು ಹೋಗಿರುವುದು ಮಾಮೂಲು. ಹಾಳೆಯ ತುದಿಯನ್ನು ಸ್ವಲ್ಪವೇ ಬಗ್ಗಿಸಿ, ಹಪ್ಪಳದ ಹಾಗೆ ಮುರಿದರೆ ಆ ಪುಸ್ತಕವನ್ನು ಜಾಸ್ತಿ ಸಲ ತೆರೆಯಲು ಆಗುವುದಿಲ್ಲ. ಆಗಿನ ಅಗ್ಗದ ಕಾಗದದಲ್ಲಿ ಆಮ್ಲ ಉಳಿದಿರುತ್ತದೆ, ಅದಕ್ಕೇ ಹಾಗೆ. ಹುಳದ ಅನುಮಾನ ಇದ್ದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಸುತ್ತಿ ಕೆಲವು ದಿನ ಫ್ರೀಜರ್‌ನಲ್ಲಿಡಿ. ಬಿರುಬಿಸಿಲಿಗೆ ಹಾಕಬೇಡಿ, ಹಾಳೆ ಇನ್ನೂ ಬೇಗ ಹಾಳಾಗುತ್ತದೆ. ಇನ್ನೊಂದು ವಿಷಯ, ಪುಟದ ಹಿಂಬದಿಗೆ ಮೆಲ್ಲಗೆ ಬೆರಳಾಡಿಸಿ. ಅಕ್ಷರ ಒತ್ತಿದ ಗುರುತು ಕೈಗೆ ತಾಗಿದರೆ ಅದು ಲೋಹದ ಅಕ್ಷರದ ಅಚ್ಚುಗಳನ್ನು, ಅಂದರೆ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕಿದ ಪುಸ್ತಕ. ಕನ್ನಡದ ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಎಲ್ಲ ಬೇರೆ ಬೇರೆ ಮೊಳೆ. ಒಬ್ಬ ಮನುಷ್ಯ ನಿಂತುಕೊಂಡು ಒಂದೊಂದಾಗಿ ಹೆಕ್ಕಿ ಜೋಡಿಸಿದ್ದಾನೆ ಅನ್ನುವುದು ನೆನಪಾದಾಗ ನನಗೆ ಆ ಪುಸ್ತಕ ಕೆಳಗಿಡಲು ಮನಸ್ಸೇ ಬರುವುದಿಲ್ಲ.

ಮನೆ ಸಾಮಾನಿನ ಕಥೆಯೂ ಇದೇ. ಕಳೆದ ತಿಂಗಳು ಅಕ್ಕನ ಜೊತೆ ಹೋದಾಗ ಒಂದು ಗುಜರಿ ಅಂಗಡಿಯಲ್ಲಿ ಚಟಾಕು, ಪಾವು, ಅಚ್ಚೇರು, ಸೇರು ಎಲ್ಲ ಒಂದರೊಳಗೊಂದು ಕೂತಿರುವ ಅಳತೆಯ ಸೆಟ್ಟು ಸಿಕ್ಕಿತು. ಅಂಚಿನಲ್ಲಿ ಸರ್ಕಾರದ ಮುದ್ರೆ ಸಾಲಾಗಿ ಇದ್ದವು. ಆ ಕಾಲದಲ್ಲಿ ದಿನಸಿ ಅಂಗಡಿಯವರು ಅಳತೆಯನ್ನು ಪರೀಕ್ಷೆ ಮಾಡಿಸಿದಾಗೆಲ್ಲ ಒಂದು ಮುದ್ರೆ ಬೀಳುತ್ತಿತ್ತು. 1956ರ ಕಾನೂನಿನಿಂದ ಲೀಟರ್, ಕಿಲೋ ಬಂದು, ಆಮೇಲೆ ನಿಧಾನಕ್ಕೆ ಇವಕ್ಕೆ ಅಂಗಡಿಯಲ್ಲಿ ಕೆಲಸ ಇಲ್ಲದಾಯಿತು. ಅಂಗಡಿಯ ಹುಡುಗ ಅದನ್ನು ಮುರುಕು ನಲ್ಲಿಗಳ ರಾಶಿಯಲ್ಲಿ ಹಾಕಿದ್ದ, ಕರಗಿಸಲಿಕ್ಕೆ. ತೂಕದ ಬೆಲೆಯ ಮೇಲೆ ಸ್ವಲ್ಪ ಸೇರಿಸಿ ಕೊಟ್ಟೆವು, ಅವನಿಗೂ ಖುಷಿ. ಈಗ ಅಕ್ಕನ ಅಡುಗೆಮನೆಯಲ್ಲಿ ದಿನಾ ಅಕ್ಕಿ ಅಳೆಯುವುದು ಅದರಲ್ಲೇ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ತಂದದ್ದನ್ನು ಬಳಸಿ. ಒಳ್ಳೇ ಬಿಂದಿಗೆಗೆ ತೂತು ಕೊರೆದು ಬಲ್ಬು ಹಾಕುವುದು, ಗುಳಿಗಳಿರುವ ಆಟದ ಹಲಗೆ ಚನ್ನೆಮಣೆಯನ್ನು ಮೊಳೆ ಹೊಡೆದು ಗೋಡೆಗೆ ಸಿಕ್ಕಿಸುವುದು, ಪುಸ್ತಕದ ಬೆನ್ನಿಗೆ ಗೋಡೆ ಬಣ್ಣಕ್ಕೆ ಹೊಂದುವ ಪೇಂಟ್ ಬಳಿಯುವುದು ನನಗೆ ಸಂಕಟ ಕೊಡುತ್ತದೆ. ಚನ್ನೆಮಣೆ ಟೀಪಾಯಿ ಮೇಲಿರಲಿ, ಪಕ್ಕದಲ್ಲಿ ಒಂದು ಬಟ್ಟಲು ಹುಣಸೆ ಬೀಜ ಇಡಿ, ಬಂದ ಮಕ್ಕಳು ತಾವಾಗೇ ಕೂರುತ್ತಾರೆ. ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪಿನಕಾಯಿಯೇ ಇರಲಿ. ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುವುದಾದರೆ ಒಳಗೆ ತವರದ ಲೇಪ, ಅಂದರೆ ಕಲಾಯಿ ಹಾಕಿಸಿ, ಹುಳಿ ಹಾಕುವ ಸಾರು, ಗೊಜ್ಜಿಗಂತೂ ಬೇಕೇ ಬೇಕು. ತವರ, ನವಸಾಗರ ಹಿಡಿದು ಕಲಾಯಿ ಹಾಕುವವರು ಕಡಿಮೆ ಆಗಿದ್ದಾರೆ. ನಾವು ಪಾತ್ರೆ ಬಳಸಿದರೆ ಅವರ ಕೈಗೂ ಕೆಲಸ ಇರುತ್ತದೆ.

ಕೊಳ್ಳುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ, ಅಂಟಿತು ಅಂದರೆ ಒಳಗೆ ಕಬ್ಬಿಣ. ಮರದ ಸಾಮಾನಾದರೆ ತಲೆಕೆಳಗು ಮಾಡಿ ನೋಡಿ, ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇದೆ. ರವಿವರ್ಮನ ಹಳೇ ಚಿತ್ರ ಅಂತ ತೋರಿಸಿದರೆ ಸ್ವಲ್ಪ ತಾಳ್ಮೆ ತಂದುಕೊಳ್ಳಿ. ಅವನ ಪ್ರೆಸ್ಸು ಶುರುವಾದದ್ದು 1894ರಲ್ಲಿ, ಬೊಂಬಾಯಿಯಲ್ಲಿ. ಅದು ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ಕಲ್ಲಚ್ಚಿನ ಕೆಲಸ. ಭೂತಗನ್ನಡಿ ಹಿಡಿದಾಗ ಒಂದೇ ಕ್ರಮದಲ್ಲಿ ಜೋಡಿಸಿಟ್ಟಂಥ ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಂಡರೆ ಅದು ಈಚಿನ ಆಫ್‌ಸೆಟ್ ಪ್ರಿಂಟು. ಹಳೇ ಫ್ರೇಮಿಗೆ ಹೊಸ ಚಿತ್ರ ಹಾಕಿ ಮಾರುವುದು ಬಹಳ ಕಡೆ ನಡೆಯುತ್ತದೆ.

ಬೆಂಗಳೂರಿನವರಾದರೆ ಮೆಟ್ರೋದಲ್ಲಿ ಹೋಗಿ. ಅವೆನ್ಯೂ ರಸ್ತೆಗೆ ಚಿಕ್ಕಪೇಟೆ ಸ್ಟೇಷನ್ ಹತ್ತಿರ, ಪಾರ್ಕಿಂಗ್ ಜಗಳ ಬೇಡ. ಭಾನುವಾರ ಬೆಳಿಗ್ಗೆ ಬೇಗ ಹೋದರೆ ಎಸ್.ಜೆ.ಪಿ. ರಸ್ತೆ ಕಡೆಯ ಸಂಡೆ ಬಜಾರ್ ನೋಡಿಕೊಂಡೇ ಬರಬಹುದು. ಮುಚ್ಚಿದ ಅಂಗಡಿಗಳ ಮುಂದೆ ಗಡಿಯಾರ, ಬೀಗ, ಸ್ಪ್ಯಾನರು, ಲಾಂದ್ರ, ಬೋಗುಣಿ ಏನೇನೋ ಹರಡಿರುತ್ತಾರೆ. ಇಂಗ್ಲಿಷ್ ಪುಸ್ತಕ ಬೇಕಾದರೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್ ಇವೆ. ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯೊಂದರಲ್ಲಿ 1945ರಲ್ಲಿ ಕೆ.ಬಿ.ಕೆ. ರಾವ್ ಹುಟ್ಟುಹಾಕಿದ ಸೆಲೆಕ್ಟ್ ಬುಕ್ ಶಾಪ್ ಇದೆ. ಇಂಥ ಜಾಗಗಳು ಸದಾ ಇರುತ್ತವೆ ಅಂತ ಅಂದುಕೊಳ್ಳಬೇಡಿ. ಹಳೇ ಪುಸ್ತಕಕ್ಕೆ ಹೆಸರಾಗಿದ್ದ ಮದ್ರಾಸಿನ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು, ದೆಹಲಿಯ ದರಿಯಾಗಂಜ್ ಭಾನುವಾರದ ಪುಸ್ತಕದ ಸಂತೆಯನ್ನು 2019ರಲ್ಲಿ ಫುಟ್‌ಪಾತ್‌ನಿಂದ ಎಬ್ಬಿಸಿ ಬೇರೆ ಕಡೆ ಕಳಿಸಿದರು.

ಚೌಕಾಸಿ ಬಗ್ಗೆ ಒಂದು ಮಾತು. ಪಾತ್ರೆಗೆ, ಮರದ ಸಾಮಾನಿಗೆ ಧಾರಾಳವಾಗಿ ಮಾಡಿ, ಅಲ್ಲಿ ಹೇಳುವ ಬೆಲೆಯೂ ಹಾಗೇ ಇರುತ್ತದೆ. ಆ ದಿನದ ಹಳೇ ಹಿತ್ತಾಳೆಯ ರೇಟು ತಿಳಿದುಕೊಂಡು ಹೋದರೆ ಎಲ್ಲಿಂದ ಶುರುಮಾಡಬೇಕು ಅನ್ನುವುದು ಗೊತ್ತಿರುತ್ತದೆ. ಆದರೆ ಫುಟ್‌ಪಾತ್‌ನಲ್ಲಿ ಬಿಸಿಲಿಗೆ ಕೂತು ಐವತ್ತು ರೂಪಾಯಿಗೆ ಕನ್ನಡ ಪುಸ್ತಕ ಕೊಡುತ್ತಿರುವವರ ಹತ್ತಿರ ಮೂವತ್ತಕ್ಕೆ ಎಳೆಯಬೇಡಿ. ಅದೇ ರಸ್ತೆ ತುದಿಯಲ್ಲಿ ಕಾಫಿಗೆ ಎಷ್ಟು ಕೊಡುತ್ತೇವೆ ಹೇಳಿ. ಆ ಇಪ್ಪತ್ತು ರೂಪಾಯಿ ಕಿತ್ತುಕೊಂಡರೆ ಅವರಿಗೆ ಕನ್ನಡ ಪುಸ್ತಕವನ್ನು ಮೂಟೆಯಿಂದ ತೆಗೆದಿಡಲು ಯಾವ ಕಾರಣವೂ ಉಳಿಯುವುದಿಲ್ಲ.

ಇನ್ನು ಮನೆ ಖಾಲಿ ಮಾಡುತ್ತಿರುವವರಿಗೆ ನನ್ನ ಕೋರಿಕೆ. ಹಳೇ ಪೇಪರ್‌ನವರಿಗೆ ಫೋನ್ ಮಾಡುವ ಮುಂಚೆ ಒಬ್ಬ ಹಳೇ ಪುಸ್ತಕದ ವ್ಯಾಪಾರಿಯನ್ನು ಕರೆಸಿ ಬೀರು ತೋರಿಸಿ. ಇಲ್ಲಾ ಪುಸ್ತಕಗಳ ಬೆನ್ನು ಕಾಣುವ ಹಾಗೆ ಫೋಟೋ ತೆಗೆದು ಈ ಬರಹದ ಕೆಳಗೇ ಹಾಕಿ, ಬೇಕಾದವರು ಬಂದು ತಗೊಂಡು ಹೋಗುತ್ತಾರೆ. ಮನೆಯ ಹತ್ತಿರದ ಗ್ರಂಥಾಲಯದಲ್ಲೂ ಒಂದು ಸಲ ಕೇಳಿನೋಡಿ. ಧಾರವಾಡ, ಮೈಸೂರು, ಶಿವಮೊಗ್ಗ, ಕಲಬುರಗಿ, ಮಂಗಳೂರಿನವರೇ, ನಿಮ್ಮ ಊರಿನಲ್ಲಿ ಹಳೇ ಕನ್ನಡ ಪುಸ್ತಕ ಎತ್ತಿಟ್ಟು ಮಾರುವವರು ಯಾರಾದರೂ ಇದ್ದರೆ ಯಾವ ಬೀದಿ, ಯಾವ ದಿನ ಸಿಗುತ್ತಾರೆ ಅಂತ ಕೆಳಗೆ ಬರೆಯಿರಿ. ಮುಂದಿನ ತಿಂಗಳು ಅಕ್ಕನೂ ನಾನೂ ಧಾರವಾಡದ ಕಡೆ ಹೊರಟಿದ್ದೇವೆ, ಮೊದಲು ಅಲ್ಲಿನವರು ಹೇಳಿ.