ಒಮಾಹಾದಲ್ಲಿ ನೆನಪಾದ ನಮ್ಮ ಪಿ.ಇ. ಸರ್

ಜೂನ್ ಬಂತೆಂದರೆ ನಾವಿರುವ ಒಮಾಹಾಗೆ ಜಾತ್ರೆಯ ಕಳೆ ಬರುತ್ತದೆ. ನೆಬ್ರಾಸ್ಕಾ ರಾಜ್ಯದ ಈ ಊರಿನಲ್ಲಿ 1950ರಿಂದ ಕಾಲೇಜು ಬೇಸ್‌ಬಾಲ್‌ನ ಕೊನೆಯ ಹಂತದ ಪಂದ್ಯಗಳು ನಡೆಯುತ್ತಿವೆ. ದೇಶದಲ್ಲೆಲ್ಲ ಆಡಿ ಗೆದ್ದ ಎಂಟು ತಂಡಗಳು ಇಲ್ಲಿಗೆ ಬರುತ್ತವೆ. ಲೂಸಿಯಾನಾ, ಟೆನೆಸ್ಸಿ ಕಡೆಯಿಂದ ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಸ್ಟೇಡಿಯಂ ಸುತ್ತಲೇ ಬೀಡುಬಿಡುತ್ತಾರೆ.

ಎಲ್ಲರ ಕಣ್ಣೂ ಆಡುವ ಹುಡುಗರ ಮೇಲಿರುತ್ತದೆ. ನಾನು ಮಾತ್ರ ಮೂರು ವರ್ಷದಿಂದ ಡಗೌಟ್ (ಮೈದಾನದಂಚಿನಲ್ಲಿ ತಂಡ ಕೂರುವ ಜಾಗ) ಕಡೆಗೇ ನೋಡುತ್ತಿರುತ್ತೇನೆ. ಅಲ್ಲಿ ಹೆಡ್ ಕೋಚ್ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಂತಿರುವ ಅಸಿಸ್ಟೆಂಟ್‌ಗಳು ಯಾರು, ಎಲ್ಲಿಂದ ಬಂದರು ಅನ್ನುವ ಕುತೂಹಲ. ಇದನ್ನು ಹಚ್ಚಿದವನು ನಮ್ಮ ಬೀದಿಯ ಹುಡುಗ.

ಹುಡುಗ ಅಂದರೆ ಮೂವತ್ತೊಂದು ವರ್ಷ. ಹತ್ತಿರದ ಸಣ್ಣ ಕಾಲೇಜಿನಲ್ಲಿ ಬೇಸ್‌ಬಾಲ್ ಅಸಿಸ್ಟೆಂಟ್ ಕೋಚ್. ಬೆಳಗಿನ ಜಾವ ಹುಡುಗರಿಗೆ ಕಸರತ್ತು ಮಾಡಿಸುತ್ತಾನೆ. ಆಮೇಲೆ ಮೈದಾನದ ಮಣ್ಣು ಹದ ಮಾಡುತ್ತಾನೆ. ಮಳೆ ಬಂದರೆ ಟಾರ್ಪಾಲು ಎಳೆಯುವುದೂ ಅವನೇ, ತಂಡದ ವ್ಯಾನ್ ಓಡಿಸುವುದೂ ಅವನೇ. ಪಂದ್ಯ ಮುಗಿದರೆ ಹುಡುಗರ ಬಟ್ಟೆ ಮಷೀನಿಗೆ ಹಾಕಬೇಕು. ರಾತ್ರಿ ಊಟವಾದ ಮೇಲೆ ಹೈಸ್ಕೂಲ್ ಹುಡುಗರ ವಿಡಿಯೋ ನೋಡುತ್ತಾ, ಮುಂದಿನ ವರ್ಷ ಯಾರನ್ನು ಕರೆತರಬಹುದು ಎಂದು ಪಟ್ಟಿ ಮಾಡುತ್ತಾನೆ. ಸಂಬಳ ಕೈಗೂ ಬಾಯಿಗೂ ಸಾಲದು. ಮನೆ ಬಾಡಿಗೆ, ಆರೋಗ್ಯ ವಿಮೆ ಎಲ್ಲ ನಡೆಯುವುದು ನರ್ಸ್ ಆಗಿರುವ ಅವನ ಹೆಂಡತಿಯ ದುಡಿಮೆಯಿಂದ.

ಇಷ್ಟು ಕಷ್ಟ ಯಾಕೆ ಅಂತ ಒಮ್ಮೆ ಕೇಳಿದೆ. ನಾನಿನ್ನೂ ಕಲಿಯುತ್ತಿದ್ದೇನೆ ಅಂದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಇಲ್ಲಿ ಕೋಚ್ ಆಗುವುದಕ್ಕೆ ಒಂದು ದಾರಿ ಇದೆ. ಕಾಲೇಜಿನಲ್ಲಿ ಆಡಿದ, ಆದರೆ ಮುಂದೆ ವೃತ್ತಿಪರ ಆಟಗಾರ ಆಗಲಾರದ ಹುಡುಗ ಅಲ್ಲೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಸೇರುತ್ತಾನೆ. ಸ್ನಾತಕೋತ್ತರ ಓದಿನ ಜೊತೆಗೇ ಕೋಚಿಂಗ್. ಆಮೇಲೆ ಎರಡು ವರ್ಷದ ಜೂನಿಯರ್ ಕಾಲೇಜು ಅಥವಾ ಇನ್ನೊಂದು ಸಣ್ಣ ಕಾಲೇಜು. ಬೇಸಿಗೆಯಲ್ಲಿ ಸಮ್ಮರ್ ಲೀಗ್ ತಂಡಗಳ ಜೊತೆ ಊರೂರು ಅಲೆದಾಟ. ಹೀಗೆ ಅಲೆಯುತ್ತಲೇ ಒಬ್ಬ ಪಿಚಿಂಗ್, ಅಂದರೆ ಚೆಂಡೆಸೆತ, ಹೇಳಿಕೊಡುವುದರಲ್ಲಿ ಪಳಗುತ್ತಾನೆ, ಇನ್ನೊಬ್ಬ ಹೊಸ ಹುಡುಗರನ್ನು ಗುರುತಿಸುವುದರಲ್ಲಿ ಹೆಸರು ಮಾಡುತ್ತಾನೆ. ಪ್ರತಿ ಜನವರಿಯಲ್ಲಿ ಬೇಸ್‌ಬಾಲ್ ಕೋಚ್‌ಗಳ ಸಂಘದ ಸಮ್ಮೇಳನಕ್ಕೆ ಸಾವಿರಾರು ಜನ ಸೇರುತ್ತಾರೆ. ಎಲ್ಲಿ ಕೆಲಸ ಖಾಲಿ ಇದೆ ಅನ್ನುವುದು ಅಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹರಿಯುತ್ತದೆ.

ಟೋನಿ ವಿಟೆಲ್ಲೊ ಅವರನ್ನೇ ನೋಡಿ. ಅವರು ವೃತ್ತಿಪರ ಬೇಸ್‌ಬಾಲ್ ಆಡಿದವರೇ ಅಲ್ಲ. ಮಿಸ್ಸೌರಿಯಲ್ಲಿ ಕಾಲೇಜು ಹುಡುಗನಾಗಿ ಆಡಿ, ಅಲ್ಲೇ ಅಸಿಸ್ಟೆಂಟ್ ಆದರು. ಆಮೇಲೆ ಟೆಕ್ಸಾಸ್‌ನ ಟಿಸಿಯು ವಿಶ್ವವಿದ್ಯಾಲಯ, ಅದಾದ ಮೇಲೆ ಅರ್ಕನ್ಸಾ ವಿಶ್ವವಿದ್ಯಾಲಯ. 2017ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಹೆಡ್ ಕೋಚ್ ಆದರು. 2024ರಲ್ಲಿ ಇದೇ ಒಮಾಹಾದಲ್ಲಿ ಆ ವಿಶ್ವವಿದ್ಯಾಲಯಕ್ಕೆ ಮೊದಲ ಬೇಸ್‌ಬಾಲ್ ಪ್ರಶಸ್ತಿ ತಂದರು. 2025ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ವೃತ್ತಿಪರ ತಂಡ ಅವರನ್ನು ನೇರವಾಗಿ ಮ್ಯಾನೇಜರ್ (ಅಲ್ಲಿ ಹೆಡ್ ಕೋಚ್‌ಗೆ ಇರುವ ಹೆಸರು) ಮಾಡಿಕೊಂಡಿತು. ವೆಸ್ ಜಾನ್ಸನ್ ಅವರದೂ ಅಂಥದೇ ದಾರಿ. ಅರ್ಕನ್ಸಾದ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದವರು, ಒಂದೊಂದೇ ಕಾಲೇಜು ದಾಟಿ 2018ರ ಕೊನೆಗೆ ಮಿನ್ನೆಸೋಟ ಟ್ವಿನ್ಸ್ ಎಂಬ ವೃತ್ತಿಪರ ತಂಡದ ಪಿಚಿಂಗ್ ಕೋಚ್ ಆದರು. ಚೆಂಡು ಎಸೆಯುವುದನ್ನು ಹೇಳಿಕೊಡಬಲ್ಲರು ಅನ್ನುವುದೇ ಅವರಿಗಿದ್ದ ಅರ್ಹತೆ.

ನಮ್ಮಲ್ಲಿ ಹೀಗಾಗುವುದು ಅಪರೂಪ, ಅಲ್ವಾ? ದೊಡ್ಡ ಆಟಗಾರನಾದ ಮೇಲೇ ದೊಡ್ಡ ಕೋಚ್. ರಾಹುಲ್ ದ್ರಾವಿಡ್ ಬಗ್ಗೆ ನನಗೆ ತುಂಬಾ ಗೌರವ, ಯಾಕೆಂದರೆ ಅವರು ನೇರ ಮೇಲಿನ ಕುರ್ಚಿಗೆ ಹೋಗಲಿಲ್ಲ. 2015ರಲ್ಲಿ 19ರೊಳಗಿನ ಹುಡುಗರು ಮತ್ತು ಭಾರತ ಎ ತಂಡದಿಂದ ಶುರು ಮಾಡಿದರು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2021ರಲ್ಲಿ ಭಾರತ ತಂಡ, 2024ರಲ್ಲಿ ಟಿ20 ವಿಶ್ವಕಪ್. ಮೆಟ್ಟಿಲು ಹತ್ತಿಯೇ ಹೋದರು. ಆದರೆ ಆ ಮೆಟ್ಟಿಲ ಬಳಿಗೆ ಅವರನ್ನು ತಂದದ್ದು 164 ಟೆಸ್ಟ್‌ಗಳು. ಅದೇ ದ್ರಾವಿಡ್‌ಗೆ ಚಿಕ್ಕಂದಿನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನ ಬೇಸಿಗೆ ಶಿಬಿರದಲ್ಲಿ ಆಟ ಹೇಳಿಕೊಟ್ಟ ಕೇಕಿ ತಾರಾಪೋರ್ ಆಡಿದ್ದು ಒಂದೇ ಟೆಸ್ಟ್. ಹೇಳಿಕೊಡುವ ಕೈಗುಣ ಬೇರೆಯೇ ಇರುತ್ತದೆ ಅನ್ನುವುದಕ್ಕೆ ಇಷ್ಟು ಹತ್ತಿರದ ಉದಾಹರಣೆ ನಮ್ಮ ಮನೆಯಲ್ಲೇ ಇದೆ.

ಹಾಗಂತ ಇಲ್ಲಿಯದೆಲ್ಲ ಚೆನ್ನ ಅಂತ ನಾನು ಹೇಳುವುದಿಲ್ಲ. ನನಗೆ ಸಿಟ್ಟು ಬರಿಸುವ ಸಂಗತಿಯೊಂದಿದೆ. 2023ರ ಜುಲೈವರೆಗೆ ಇಲ್ಲಿನ ಮೊದಲ ದರ್ಜೆಯ ಕಾಲೇಜು ಬೇಸ್‌ಬಾಲ್‌ನಲ್ಲಿ ಹೆಡ್ ಕೋಚ್ ಮತ್ತು ಇಬ್ಬರು ಅಸಿಸ್ಟೆಂಟ್‌ಗಳಿಗಷ್ಟೇ ಸಂಬಳ ಕೊಡಬಹುದಿತ್ತು. ಇನ್ನೊಬ್ಬನನ್ನು ವಾಲಂಟಿಯರ್ ಕೋಚ್ ಅಂತ ಇಟ್ಟುಕೊಳ್ಳುತ್ತಿದ್ದರು. ಅವನಿಗೆ ಸಂಬಳ ಕೊಡಬಾರದು ಅಂತಲೇ ನಿಯಮ. ಕೆಲಸ ಉಳಿದವರಷ್ಟೇ. ಫೆಬ್ರವರಿ ಮಧ್ಯದಿಂದ 56 ಪಂದ್ಯ, ಅದಕ್ಕೆ ಮೊದಲು ತಿಂಗಳುಗಟ್ಟಲೆ ಅಭ್ಯಾಸ. ಹೊಟ್ಟೆಪಾಡಿಗೆ ಮಕ್ಕಳ ಬೇಸಿಗೆ ಶಿಬಿರ, ಖಾಸಗಿ ಪಾಠ. ಕೋಚ್‌ಗಳು ಕೋರ್ಟಿಗೆ ಹೋದರು. ಆ ಹೊತ್ತಿಗೆ ನಿಯಮವೂ ಬದಲಾಗಿ, ನಾಲ್ಕನೆಯವನಿಗೂ ಸಂಬಳ ಕೊಡಬಹುದು ಅಂತಾಯಿತು.

ಮೈಸೂರಿನ ಗರಡಿಮನೆಯಲ್ಲಿ ಉಸ್ತಾದರು ದುಡ್ಡು ತೆಗೆದುಕೊಳ್ಳದೆ ಹೇಳಿಕೊಡುವುದನ್ನು ನಾನು ನೋಡಿದ್ದೇನೆ. ಆದರೆ ಅವರಿಗೆ ಹಗಲು ಬೇರೆ ಕಸುಬಿರುತ್ತದೆ. ಗರಡಿಮನೆ ಟಿಕೆಟ್ ಮಾರುವುದಿಲ್ಲ, ಟಿವಿಯವರಿಂದ ಕೋಟಿ ಎಣಿಸುವುದಿಲ್ಲ. ವಿಟೆಲ್ಲೊ ಅವರಂಥ ಹೆಡ್ ಕೋಚ್‌ಗೆ 2024ರ ಗೆಲುವಿನ ನಂತರ ವರ್ಷಕ್ಕೆ 30 ಲಕ್ಷ ಡಾಲರ್ ಕೊಡುವಷ್ಟು ದುಡ್ಡಿರುವ ಆಟದಲ್ಲಿ, ಪಕ್ಕದಲ್ಲೇ ನಿಂತವನಿಗೆ ಒಂದು ಡಾಲರೂ ಸಂಬಳ ಇಲ್ಲದಂತೆ ಇಷ್ಟು ವರ್ಷ ನಡೆಸಿದ್ದು ಅನ್ಯಾಯ. ಇದರಿಂದ ಇನ್ನೊಂದು ನಷ್ಟವೂ ಆಗಿರಬೇಕು. ಅಪ್ಪ ಅಮ್ಮನ ಬಳಿ ಹಣವಿದ್ದವನು, ಇಲ್ಲವೇ ಸಂಗಾತಿಯ ದುಡಿಮೆ ಇದ್ದವನು ತಡೆದುಕೊಂಡ. ಉಳಿದವರು ಮೊದಲ ಮೆಟ್ಟಿಲಲ್ಲೇ ಇಳಿದುಹೋಗಿರುತ್ತಾರೆ.

ಭದ್ರತೆಯೂ ಕಮ್ಮಿ. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಹೆಡ್ ಕೋಚ್ ಮೈಕ್ ಮಾರ್ಟಿನ್ 1980ರಿಂದ 2019ರವರೆಗೆ ನಲವತ್ತು ಸೀಸನ್ ಒಂದೇ ಕಡೆ ಇದ್ದು 2,029 ಪಂದ್ಯ ಗೆದ್ದರು. ಒಮಾಹಾಗೆ 17 ಸಲ ಬಂದರು, ಒಂದು ಸಲವೂ ಪ್ರಶಸ್ತಿ ಸಿಗಲಿಲ್ಲ. ಆದರೂ ಯಾರೂ ಅವರನ್ನು ಕಳಿಸಲಿಲ್ಲ. ಎರಡು ದಶಕಕ್ಕೂ ಜಾಸ್ತಿ ಅವರ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದ ಮಗ ಹೆಡ್ ಕೋಚ್ ಆದಾಗ ಕಾಲ ಬದಲಾಗಿತ್ತು. ಮೂರೇ ಸೀಸನ್, 2022ರಲ್ಲಿ ತೆಗೆದುಹಾಕಿದರು. ಅದರಲ್ಲಿ ಒಂದು ಸೀಸನ್ ಕೊರೊನಾದಿಂದ ಅರ್ಧಕ್ಕೇ ನಿಂತಿತ್ತು.

ಈಗ ನಮ್ಮ ಸರ್ ವಿಷಯಕ್ಕೆ ಬರುತ್ತೇನೆ.

ನಾನು ಓದಿದ್ದು ಹಾಸನ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ. ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ನಾವು ಪಿ.ಇ. ಸರ್ ಅಂತ ಕರೆಯುತ್ತಿದ್ದೆವು. ಎಂ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ, ಮಾಡಿದವರು. ಯುಜಿಸಿ ಸಂಬಳ, ಪಿಂಚಣಿ, ಎಲ್ಲವೂ ಇತ್ತು. ತಂಡ ಸೋತಿತೆಂದು ಯಾರೂ ಅವರನ್ನು ಮನೆಗೆ ಕಳಿಸುವಂತಿರಲಿಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಗುಣ, ಸುಮ್ನೆ ಹೇಳುತ್ತಿಲ್ಲ. ಆ ನೆಮ್ಮದಿಯಿಂದಲೇ ಅವರು ಸೋಲುವ ಹುಡುಗಿಯರ ಖೋ-ಖೋ ತಂಡವನ್ನು ನಾಲ್ಕು ವರ್ಷ ತಾಳ್ಮೆಯಿಂದ ತಿದ್ದಿ, ಅಂತರ ಕಾಲೇಜು ಫೈನಲ್‌ಗೆ ಒಯ್ದರು.

ಆದರೆ ಕಬಡ್ಡಿ, ವಾಲಿಬಾಲ್, ಓಟ, ಕ್ರಿಕೆಟ್, ಖೋ-ಖೋ ಎಲ್ಲದಕ್ಕೂ ಅವರೊಬ್ಬರೇ. ಅಡ್ಮಿಷನ್ ಕೆಲಸ, ಚುನಾವಣೆ ಡ್ಯೂಟಿ, ಆಗಸ್ಟ್ 15ರ ಕವಾಯತು ಬೇರೆ. ಕೈಕೆಳಗೆ ಕಲಿಯುವವರು ಯಾರೂ ಇಲ್ಲ. ಪ್ರತಿ ಆಟಗಾರ್ತಿ ಎಷ್ಟು ಸೆಕೆಂಡು ಔಟಾಗದೆ ಉಳಿದಳು, ಯಾವ ಕಾಲು ಮೊದಲು ಇಡುತ್ತಾಳೆ ಎಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಅಂಥ ನೋಟ್‌ಬುಕ್ ಇಪ್ಪತ್ತಕ್ಕೂ ಜಾಸ್ತಿ ಇದ್ದವು. ಅವರು ನಿವೃತ್ತರಾಗಿ ಆರು ವರ್ಷ ಆಯಿತು. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಮೈದಾನದಲ್ಲಿ ಈಗ ಬೈಕ್ ನಿಲ್ಲುತ್ತವೆ.

ಕೋಚ್‌ಗಳನ್ನು ತಯಾರು ಮಾಡುವ ಜಾಗ ನಮ್ಮಲ್ಲಿ ಇಲ್ಲವೆಂದಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ. ಡಿಪ್ಲೊಮಾ ಕೈಗೆ ಬರುತ್ತದೆ. ಆಮೇಲೆ ಆ ಹುಡುಗನೋ ಹುಡುಗಿಯೋ ಪಳಗಿದ ಕೋಚ್ ಒಬ್ಬರ ಪಕ್ಕದಲ್ಲಿ ಮೂರು ನಾಲ್ಕು ವರ್ಷ ನಿಲ್ಲಬೇಕಲ್ಲ, ಆ ಜಾಗವೇ ನಮ್ಮ ಕಾಲೇಜುಗಳಲ್ಲಿಲ್ಲ. ನನಗೆ ಅನಿಸುವುದು ಇಷ್ಟು: ಒಳ್ಳೆಯ ತಂಡ ಕಟ್ಟಿದ ಪ್ರತಿ ಪಿ.ಇ. ಸರ್ ಜೊತೆ ಒಬ್ಬ ಎಂ.ಪಿ.ಎಡ್ ಪದವೀಧರನನ್ನು ಎರಡು ವರ್ಷ ಇಡಿ. ಒಂದೇ ಆಟ ಕೊಡಿ. ಸಂಬಳವನ್ನೂ ಮೊದಲ ದಿನದಿಂದ ಕೊಡಿ. ಬಿಟ್ಟಿ ದುಡಿಮೆಯ ಪಾಠವನ್ನು ಅಮೆರಿಕದಿಂದ ಕಲಿಯುವುದು ಬೇಡ.

ಹೋದ ಏಪ್ರಿಲ್‌ನಲ್ಲಿ ಸರ್‌ಗೆ ವಿಡಿಯೋ ಕಾಲ್ ಮಾಡಿ ನಮ್ಮ ಬೀದಿಯ ಹುಡುಗನ ಅಭ್ಯಾಸ ತೋರಿಸಿದೆ. ನೆಲಕ್ಕೆ ತಾಗಿ ಉರುಳಿ ಬರುವ ಚೆಂಡನ್ನು ಹಿಡಿಯುವ ಪಾಠ ನಡೆದಿತ್ತು. ಬೇಸ್‌ಬಾಲ್ ಏನೆಂದು ಸರ್‌ಗೆ ಗೊತ್ತಿಲ್ಲ. ಆದರೂ ಒಂದು ನಿಮಿಷ ನೋಡಿ, "ಆ ಎಡಗಡೆ ಹುಡುಗ ಸೊಂಟ ಬಗ್ಗಿಸ್ತಿದ್ದಾನೆ, ಮಂಡಿ ಬಗ್ಗಿಸ್ತಿಲ್ಲ ನೋಡಪ್ಪ" ಅಂದರು. ಅಷ್ಟರಲ್ಲಿ ಕೋಚ್ ಹೋಗಿ ಅವನ ಮಂಡಿಯನ್ನೇ ತಟ್ಟಿ ತೋರಿಸುತ್ತಿದ್ದ. ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದ ವಿದ್ಯಾರ್ಥಿ ಯಾರು ಅಂತ ಸರ್ ಕೇಳಿದರು. ಕೋಚಿಂಗ್ ಕಲಿಯೋಕೆ ಬಂದವನು ಸರ್, ಅಂದೆ.

"ಹಂಗೊಬ್ಬ ನನ್ ಜೊತೆ ಇದ್ದಿದ್ರೆ ನೋಟ್‌ಬುಕ್ ಎಲ್ಲ ಅವನ ಕೈಗೆ ಕೊಟ್ಟು ಬರ್ತಿದ್ದೆ ಕಣಪ್ಪ. ಈಗ ಅಟ್ಟದ ಮೇಲಿವೆ" ಅಂದರು.

ನನ್ನ ಅಕ್ಕನ ಮಗಳು ಈ ವರ್ಷ ಎಂ.ಪಿ.ಎಡ್ ಸೇರಿದ್ದಾಳೆ, ಅವಳ ಆಟವೂ ಖೋ-ಖೋ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅವಳನ್ನು ಕರೆದುಕೊಂಡು ಬರುತ್ತೇನೆ ಅಂತ ಸರ್‌ಗೆ ಹೇಳಿದ್ದೇನೆ. ಅಷ್ಟರೊಳಗೆ ನೋಟ್‌ಬುಕ್ ಕೆಳಗಿಳಿಸಿ ಧೂಳು ಒರೆಸಿಡುತ್ತಾರಂತೆ.