ಇರುವೆಗೊಂದು ನೋಟಿಸ್

ಇರುವೆ ನೋಡಿ ಕಲಿಯಿರಿ ಅಂತ ಮೇಷ್ಟ್ರುಗಳು ಹೇಳಿದ್ದು ಸಾಕು. ಆಡಳಿತದ ವಿಷಯದಲ್ಲಿ ಇರುವೆಗಳು ನಮ್ಮ ಕೋಲಾರಕ್ಕಿಂತ ತುಂಬಾ ಹಿಂದೆ ಇವೆ.

ಶ್ರೀನಿವಾಸಪುರದ ಕಡೆ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗವನ್ನೇ ತಗೊಳ್ಳಿ. ಅದರ ಕೆಲಸಗಾರರಲ್ಲಿ ಎರಡು ಸೈಜು. ಸಣ್ಣವು ಗೂಡಿನೊಳಗೆ ಮೊಟ್ಟೆ, ಮರಿ ನೋಡಿಕೊಳ್ಳುತ್ತವೆ. ದೊಡ್ಡವು ಬೇಟೆಗೆ, ಕಾವಲಿಗೆ ಹೊರಗೆ ಹೋಗುತ್ತವೆ. ಅದರಲ್ಲೂ ಗಡಿಯ ಗೂಡುಗಳಲ್ಲಿದ್ದು ಶತ್ರುವಿನ ಜೊತೆ ಮೊದಲು ಹೊಡೆದಾಡುವುದು ವಯಸ್ಸಾದವು! ಇದೆಂಥಾ ಸರ್ವಿಸ್ ರೂಲು? ನಮ್ಮಲ್ಲಿ ಸೀನಿಯಾರಿಟಿ ಬಂದಷ್ಟೂ ಕುರ್ಚಿ ಫ್ಯಾನಿನ ಕೆಳಕ್ಕೆ ಸರಿಯುತ್ತದೆ. ಬಿಸಿಲಲ್ಲಿ ಸ್ಥಳ ತನಿಖೆಗೆ ಹೋಗುವುದು ನಿನ್ನೆ ಮೊನ್ನೆ ಆರ್ಡರ್ ಸಿಕ್ಕ ಹುಡುಗಿ.

ಟೊಂಗೆಯೊಳಗೆ ವಾಸಿಸುವ ಇನ್ನೊಂದು ಬಗೆಯ ಇರುವೆ ಇದೆ. ಅದರ ದೊಡ್ಡ ಕೆಲಸಗಾರರ ತಲೆ ಬಿರಡೆಯ ಹಾಗೆ. ಗೂಡಿನ ತೂತಿಗೆ ಆ ತಲೆಯನ್ನೇ ಅಡ್ಡ ಇಟ್ಟು ಕೂರುತ್ತವೆ. ಇದೊಂದು ವಿದ್ಯೆ ಮಾತ್ರ ನಮ್ಮಿಂದಲೇ ಕದ್ದದ್ದು ಅಂತ ನನ್ನ ಅನುಮಾನ. ಅದೂ ಅರ್ಧಂಬರ್ಧ. ತನ್ನವರು ಬಂದು ಮೀಸೆಯಿಂದ ತಟ್ಟಿದರೆ ಸಾಕು, ಹಿಂದೆ ಸರಿದು ದಾರಿ ಬಿಡುತ್ತವಂತೆ. ಸುಮ್ನೆ ತಟ್ಟಿದರೇ ಬಿಟ್ಟುಬಿಡುವುದಾ? ಕೈಯಲ್ಲಿ ಏನಿದೆ ಅಂತಾದರೂ ನೋಡಬೇಡವೇ?

ಮೊನ್ನೆ ಇಲ್ಲಿನ ಒಂದು ಕಚೇರಿಯಲ್ಲಿ, ಪಹಣಿಯಲ್ಲಿ ಹೆಸರು ತಿದ್ದಿಸಲು ಬಂದ ರೈತರೊಬ್ಬರಿಗೆ ಬಾಗಿಲಲ್ಲೇ ಉತ್ತರ ಸಿಕ್ಕಿತು.

"ಕೇಸ್ ವರ್ಕರ್ ಟ್ರಾನ್ಸ್‌ಫರ್ ಆದ್ರು ಯಜಮಾನ್ರೇ."

"ಅವರ ಜಾಗಕ್ಕೆ ಯಾರು ಬಂದವ್ರೆ ಸ್ವಾಮಿ?"

"ಯಾರೂ ಬಂದಿಲ್ಲ."

"ಒಳಗೆ ನಾಲ್ಕು ಜನ ಕುಂತವ್ರಲ್ಲ?"

"ಅವರದು ಬೇರೆ ಟೇಬಲ್."

ರೈತರು ಮುದುರಿದ ಅರ್ಜಿಯನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು. ನಾಲ್ವರಲ್ಲಿ ಒಬ್ಬರು ಕಡಲೆಕಾಯಿ ಸಿಪ್ಪೆಯನ್ನು ಅಚ್ಚುಕಟ್ಟಾಗಿ ಫೈಲಿನ ಮೇಲೆ ಗುಡ್ಡೆ ಮಾಡುತ್ತಿದ್ದರು. ಕಡತ ನಿರ್ವಹಣೆ ಅಂದರೆ ಹಾಗಿರಬೇಕು.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು 2017ರಲ್ಲಿ ಇರುವೆಗಳ ಮೇಲೊಂದು ಅಧ್ಯಯನ ಪ್ರಕಟಿಸಿದರು. ಗೂಡಿನಲ್ಲಿ ಸುಮಾರು ಶೇ 40ರಷ್ಟು ಕೆಲಸಗಾರರು ಜಾಸ್ತಿ ಹೊತ್ತು ಸುಮ್ಮನೆ ಇರುತ್ತವಂತೆ. ಓದಿ ಖುಷಿಯಾಯಿತು, ನಮ್ಮವರೇ ಅಲ್ವಾ! ಆಮೇಲೆ ಬೇಜಾರಾಯಿತು. ಚುರುಕಾಗಿ ದುಡಿಯುವ ಶೇ 20ರಷ್ಟನ್ನು ತೆಗೆದು ನೋಡಿದರೆ, ಒಂದು ವಾರದೊಳಗೆ ಸುಮ್ಮನಿದ್ದವೇ ಎದ್ದು ಆ ಕೆಲಸ ಹಿಡಿದವಂತೆ. ಆಫೀಸ್ ಆರ್ಡರ್ ಇಲ್ಲ, ಚಾರ್ಜ್ ವಹಿಸಿಕೊಂಡ ಸಹಿ ಇಲ್ಲ. ನಾಳೆ ಆಡಿಟ್‌ನವರು ಬಂದರೆ ಉತ್ತರ ಕೊಡೋರು ಯಾರು?

ಇಂಥ ಇರುವೆಗಳಿಗೆ ಕಾರಣ ಕೇಳಿ ನೋಟಿಸ್ ಕೊಡಲೇಬೇಕು. ನೋಟಿಸ್ ಟೈಪ್ ಮಾಡುವುದು ಯಾರ ಟೇಬಲ್ ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.