ಫೋನು ಸ್ವಲ್ಪ ಎಡಕ್ಕೆ ಹಿಡೀರಿ

ಏಪ್ರಿಲ್‌ನಲ್ಲಿ ಚನ್ನಗಿರಿ ಕಡೆ ಅಡಿಕೆ ಮರಕ್ಕೂ ಸುಣ್ಣ ಬಳೀಬೇಕು, ಇಲ್ಲದಿದ್ದರೆ ಬಿಸಿಲಿಗೆ ಕಾಂಡ ಸುಟ್ಟು ಸೀಳುತ್ತದೆ. ಅಂಥದ್ದೊಂದು ಮಟಮಟ ಮಧ್ಯಾಹ್ನ ನಮ್ಮ ಹಿಟಾಚಿಯ ಪರದೆ, ಎಂಜಿನ್ ತಣ್ಣಗಿಡೋ ಕೂಲಂಟ್ ನೀರಿನ ಉಷ್ಣತೆ ಮೈನಸ್ 40 ಡಿಗ್ರಿ ಅಂತ ತೋರಿಸಿತು. ಆಪರೇಟರ್ ಹುಡುಗ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, "ಎಂಜಿನ್ ತಣ್ಣಗೈತಿ ಬಿಡಣ್ಣ, ಏನೂ ಚಿಂತಿಲ್ಲ" ಅಂದ.

ಮಣ್ಣು ಅಗೆಯೋ ಮೆಷಿನ್ನನ್ನೆಲ್ಲ ಹಿಟಾಚಿ ಅನ್ನೋದು ಊರಿನ ರೂಢಿ. ಇದು ಬೇರೆ ಕಂಪನಿಯದು, ಹೆಸರು ಬೇಡ, ಪಾಪ ಅವರ ತಪ್ಪೇನೂ ಇಲ್ಲ. ಸೆಕೆಂಡ್ ಹ್ಯಾಂಡ್ ಅಂತ ಕೊಂಡದ್ದು. ಎಷ್ಟನೇ ಹ್ಯಾಂಡ್ ಅನ್ನೋದು ಬ್ರೋಕರಿಗೂ ಅವನ ಮನೆದೇವರಿಗೂ ಬಿಟ್ಟ ವಿಷಯ. ಓಡಿದ ಗಂಟೆ ಎಣಿಸೋ ಹವರ್ ಮೀಟರ್ ನೋಡಿದರೆ ಮೆಷಿನ್ನಿಗೆ ಇನ್ನೂ ಪ್ರಾಯ, ಪೆಡಲ್ಲಿನ ರಬ್ಬರ್ ನೋಡಿದರೆ ಪಿಂಚಣಿಯ ವಯಸ್ಸು. ಮುಂಗಾರು ಹಿಡಿಯೋದರೊಳಗೆ ತೋಟಗಳ ಬಸಿಗಾಲುವೆ ತೆಗೆದು ಮುಗಿಸಬೇಕು. ಬಾಡಿಗೆ ಗಂಟೆ ಲೆಕ್ಕ. ಮೆಷಿನ್ ನಿಂತರೆ ಆ ಗಂಟೆ ನನ್ನದು, ಓಡಿದರೆ ಮಾತ್ರ ತೋಟದವರದು.

ಮೈನಸ್ 40ರ ಗುಟ್ಟು ಸರಳ. ಕೂಲಂಟಿನ ಉಷ್ಣತೆ ಅಳೆಯೋ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡೋ ತಡೆ, ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ವೈರೇ ಬಿಟ್ಟುಹೋದರೆ ತಡೆಗೆ ಮಿತಿಯೇ ಇಲ್ಲ, ಮೆಷಿನ್ನಿನ ಕಂಪ್ಯೂಟರ್ ಇದನ್ನು ಮಹಾ ಚಳಿ ಅಂತಲೇ ತಿಳಿಯುತ್ತದೆ. ಪರದೆಯಲ್ಲಿ 110 ಅಂತ ಒಂದು ನಂಬರ್, ಪಕ್ಕದಲ್ಲಿ 3. 110 ಅಂದರೆ ಕೂಲಂಟ್ ಉಷ್ಣತೆ, 3 ಅಂದರೆ ವೋಲ್ಟೇಜ್ ಮಿತಿ ಮೀರಿ ಮೇಲೆ ಹೋಗಿದೆ. ಸೆನ್ಸರ್ ಸತ್ತಿದೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಹುಡುಗ ಪ್ರೆಶರ್ ವಾಷರ್‌ನಿಂದ ಎಂಜಿನ್ನಿಗೆ ಅಭ್ಯಂಜನ ಮಾಡಿಸಿದ್ದ, ನೀರು ಕನೆಕ್ಟರಿನೊಳಗೆ ಕೂತು ಪಿನ್ ಹಸಿರುಗಟ್ಟಿತ್ತು, ಅಷ್ಟೇ.

ಇದು ಗೊತ್ತಾಗೋ ಹೊತ್ತಿಗೆ ಹೊಸ ಸೆನ್ಸರ್ ಬಂದು ಕೂತಿತ್ತು. ತರಿಸಿದ್ದು ನಮ್ಮ ಎಲೆಕ್ಟ್ರಿಷಿಯನ್.

ಈ ಮಹಾನುಭಾವರು ಎದುರಿಗೆ ಸಿಗುವುದಿಲ್ಲ. ಮದುವೆಯಲ್ಲಿರುತ್ತಾರೆ, ಇಲ್ಲವೇ ಗೃಹಪ್ರವೇಶದಲ್ಲಿ. ಫೋನ್ ಎತ್ತಿದ ಕೂಡಲೇ ಹಿಂದೆ ವಾಲಗ ಕೇಳಿಸುತ್ತದೆ. "ಸ್ಟಾರ್ಟ್ ಮಾಡ್ಸಿ, ಫೋನು ಎಂಜಿನ್ ಹತ್ರ ಹಿಡೀರಿ" ಅನ್ನುತ್ತಾರೆ. ಹಿಡಿಯುತ್ತೇನೆ. "ಸ್ವಲ್ಪ ಎಡಕ್ಕೆ." ಎಡಕ್ಕೆ ಹೋಗುತ್ತೇನೆ. "ಪಂಪ್ ಹತ್ರ." ಪಂಪಿನ ಬಾಗಿಲು ತೆಗೆದು ಕೈ ಚಾಚಿ ನಿಲ್ಲುತ್ತೇನೆ, ಮುಖಕ್ಕೆ ಬಿಸಿಗಾಳಿ ರಾಚುತ್ತಿರುತ್ತದೆ. ತೋಟದ ಮಾಲೀಕರು ಬದುವಿನ ಮೇಲೆ ಕೂತು ನೋಡುತ್ತಿರುತ್ತಾರೆ, ಅವರ ಮೊಮ್ಮಗ ವಿಡಿಯೋ ಮಾಡುತ್ತಿರುತ್ತಾನೆ. ಆ ಕಡೆ ಸ್ವಲ್ಪ ಹೊತ್ತು ಗಂಭೀರ ಮೌನ. ಮೌನ ಅಂದರೆ ವಾಲಗ ಮಾತ್ರ. ಆಮೇಲೆ ತೀರ್ಪು: "ಹ್ಞಾಂ, ಗೊತ್ತಾಯ್ತು. ಸೆನ್ಸರ್ ಹೋಗೈತೆ."

ಸ್ವಾಮೀ, ಸೆನ್ಸರ್ ಕೂಗುತ್ತದೆಯೇ? ಬೇರಿಂಗ್ ಕೂಗುತ್ತದೆ, ಬೆಲ್ಟ್ ಕಿರುಚುತ್ತದೆ. ಹಿತ್ತಾಳೆಯ ಒಂದು ಗುಬುಟು ಫೋನಿನಲ್ಲಿ ಏನಂತ ಹೇಳಿಕೊಂಡೀತು? ಕೇಳಿದರೆ, "ನಿಮಗೆ ಕೇಳಿಸಲ್ಲ, ನಮಗೆ ಅನುಭವ" ಎಂಬ ಉತ್ತರ. ಒಮ್ಮೆ ಬೇಕಂತಲೇ ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಸದ್ದು ಕೇಳಿಸಿದೆ. ಅದಕ್ಕೂ ಸೆನ್ಸರ್ ಹೋಗಿತ್ತು. ಆ ಟ್ರ್ಯಾಕ್ಟರಿಗೆ ಸೆನ್ಸರೇ ಇಲ್ಲ.

ಅವರನ್ನು ಪೂರಾ ಬೈಯೋಕೂ ಮನಸ್ಸು ಬರುವುದಿಲ್ಲ. ಅವರು ಕೆಲಸ ಕಲಿತ ಕಾಲದ ಮೆಷಿನ್ನುಗಳಲ್ಲಿ ವೈರು ಅಂದರೆ ಸ್ಟಾರ್ಟರ್, ಡೈನಮೋ, ಎರಡು ಲೈಟು. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಚುಚ್ಚಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿದರೆ ಒಳಗಿನ ಸಂಕಟ ಕೇಳಿಸುತ್ತಿತ್ತು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಹಳೇ ಮೇಸ್ತ್ರಿಗಳು ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ, ಟೀ ಲೋಟ ಕೆಳಗಿಡದೆ, ಟ್ಯಾಪೆಟ್ ಸಡಿಲ ಅನ್ನುತ್ತಿದ್ದರು. ಸರಿಯೂ ಇರುತ್ತಿತ್ತು. ಆ ಕಿವಿಗಳನ್ನು ಇಟ್ಟುಕೊಂಡು ಈಗ ಅವರು ಏನು ಮಾಡಬೇಕು? ಮದುವೆಮನೆಯಲ್ಲಿ ಫೋನಿಗೆ ಒತ್ತಿಕೊಂಡು ಕೂರುತ್ತಾರೆ.

ಆಮೇಲೆ ಶುರುವಾದ ಕಾಟ ಬೇರೆಯದೇ. ಬಕೆಟ್ ಕಲ್ಲಿಗೆ ಬಡಿದರೆ ಸಾಕು, ಆಯಿಲ್ ಪ್ರೆಶರ್, ಪಂಪ್ ಪ್ರೆಶರ್, ಎಂಜಿನ್ ವೇಗ ಏರಿಸಿ ಇಳಿಸೋ ಥ್ರಾಟಲ್ ಡಯಲ್, ಮೂರೂ ಒಟ್ಟಿಗೆ ದೀಪ ಹಚ್ಚುತ್ತವೆ. ಬಝರ್ ಕಿರುಚುತ್ತದೆ, ಎಂಜಿನ್ ಮುಲುಕಾಟಕ್ಕಿಳಿಯುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲ ಅನ್ನೋ ಮುಖ. ಫೋನ್ ಹಿಡಿದಾಗಲಂತೂ ಬಂಗಾರ. ಫೋನಿನ ತೀರ್ಪಿನ ಪ್ರಕಾರ ಸೆನ್ಸರ್ ಒಂದೊಂದಾಗಿ ಬದಲಾದವು, ದೀಪ ಮಾತ್ರ ಬದಲಾಗಲಿಲ್ಲ.

ಕೊನೆಗೆ ಆಷಾಢ ಅಡ್ಡಬಂದು ಮದುವೆಗಳು ನಿಂತು, ಅವರೇ ಬಂದರು. ಮಲ್ಟಿಮೀಟರ್ ತಂದಿದ್ದರು! ಸೆನ್ಸರಿಗೆ ಬರುವ ಮೂರು ವೈರಿನಲ್ಲಿ ಒಂದರಲ್ಲಿ 5 ವೋಲ್ಟ್ ಇರಬೇಕು, ಬ್ಯಾಟರಿ 24 ವೋಲ್ಟಿನದಾದರೂ. ಅದು ಹಲವು ಸೆನ್ಸರುಗಳಿಗೆ ಹಂಚಿದ ಒಂದೇ ಲೈನು. ಬೀದಿಯ ನಲ್ಲಿ ಪೈಪು ಒಂದು ಮನೆ ಮುಂದೆ ಒಡೆದರೆ ಉಳಿದ ಮನೆಗಳಲ್ಲಿ ಬರೀ ಗಾಳಿ ಬರುತ್ತದಲ್ಲ, ಅದೇ ಕಥೆ. ಹುಡುಗ ಸುತ್ತಿಗೆ ಹಿಡಿಯಿಂದ ಪಂಪಿನ ಬ್ರ್ಯಾಕೆಟ್ಟಿಗೆ ಕುಟ್ಟಿದ, 5 ಇದ್ದದ್ದು ಒಂದೂವರೆಗೆ ಬಿತ್ತು. ಸೆನ್ಸರ್‌ಗಳನ್ನೆಲ್ಲ ಒಂದೊಂದಾಗಿ ಕಳಚಿದರೂ ಏಳಲಿಲ್ಲ. ಅಂದರೆ ಸೆನ್ಸರ್‌ಗಳು ನಿರಪರಾಧಿಗಳು. ವೈರಿನ ಕಟ್ಟಿನ ಟೇಪು ಬಿಚ್ಚಿದರೆ, ಒಂದು ಕ್ಲ್ಯಾಂಪಿನ ಅಂಚಿಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆದು ತಾಮ್ರ ಕಬ್ಬಿಣಕ್ಕೆ ತಾಗಿ ಹಲ್ಲು ಕಿರಿಯುತ್ತಿತ್ತು. ಬೆರಳುದ್ದ ಸ್ಲೀವು, ಎರಡು ಸುತ್ತು ಟೇಪು, ಮುಗಿಯಿತು. ಬಸಿಗಾಲುವೆ ಸೀಸನ್ನೂ ಮುಗಿದಿತ್ತು.

ಗೂಡಿನಲ್ಲಿ ಹಳೇ ಸೆನ್ಸರ್‌ಗಳು ಸಾಲಾಗಿ ಕೂತಿವೆ, ಒಂದಕ್ಕೂ ಏನೂ ಆಗಿಲ್ಲ. ತಗೊಂಡ ಅಂಗಡಿಯವನು ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ ಅನ್ನೋ ಬೋರ್ಡಿನ ಕೆಳಗೇ ಕೂರುತ್ತಾನೆ. ಎಲೆಕ್ಟ್ರಿಷಿಯನ್ ಕೈ ತೊಳೆದು, ಮಜ್ಜಿಗೆ ಕುಡಿದು, ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡು ಹೇಳಿದ್ದು ಇಷ್ಟು: "ನಂಗೆ ಆವತ್ತೇ ಸೌಂಡಲ್ಲಿ ಡೌಟ್ ಬಂದಿತ್ತು. ನೀವು ಫೋನು ಸರಿಯಾಗಿ ಹಿಡೀಲಿಲ್ಲ."